ಅಪ್‌ಡೇಟ್: 60 ಲೀಟರ್ ಗಿಡದ ಅಕ್ವೇರಿಯಂ ಟ್ಯಾಂಕ್, ಕಪ್ಪು ಪಾಚಿ ಹತೋಟಿಗೆ ಬಂತು

ಎಲೆಯಂಚಿನ ಕಪ್ಪು ಕೂದಲಿನಂಥ ಪಾಚಿ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ. ಎಡವಿದ್ದು ಡ್ರಾಪ್ ಚೆಕರ್‌ನಲ್ಲಿ (ನೀರಿನಲ್ಲಿ ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್, ಸಾಕಷ್ಟಿದ್ದರೆ ಹಸಿರು, ಕಡಿಮೆಯಿದ್ದರೆ ನೀಲಿ ತೋರಿಸುವ ಪುಟ್ಟ ಸಾಧನ): ಅದಕ್ಕೆ ಟ್ಯಾಂಕಿನ ನೀರನ್ನೇ (ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ, 2) ತುಂಬಿದ್ದೆ. 4 ಕೆಎಚ್ ದ್ರಾವಣ ಹಾಕಿ ಕೆಲವು ಗಂಟೆ ಕಾದರೂ ಹಸಿರಿಲ್ಲ, ನೀಲಿಯೇ! ಸಿಒ2 ಬೇಕಾದ 30 ಪಿಪಿಎಂನ (ಲೀಟರಿಗೆ 30 ಮಿಲಿಗ್ರಾಂ) ಅರ್ಧವಷ್ಟೇ ಇತ್ತು.

ಈಗ ಲೈಟಿಗಿಂತ ಎರಡು ಗಂಟೆ ಮೊದಲೇ ಸಿಒ2 ಗ್ಯಾಸ್ ಆನ್, ಲೈಟ್ ಆರುವ ಒಂದು ಗಂಟೆ ಮೊದಲು ಆಫ್. ಚೆಕರ್ ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು, ಹಾಗಾಗಿ ಗ್ಯಾಸ್ ಬಬಲ್‌ಗಳ ಪ್ರಮಾಣ ನಿಧಾನವಾಗಿ ಏರಿಸಿ. ಮೀನು ಮೇಲೆ ಬಂದು ಬಾಯಿಬಿಟ್ಟರೆ ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ. ಲೈಟ್ ಉರಿಯುವ ಅವಧಿಯನ್ನು ದಿನಕ್ಕೆ 10 ಗಂಟೆಯಿಂದ 6 ಗಂಟೆಗೆ ಇಳಿಸಿದೆ. ಗೊಬ್ಬರ ನಿಲ್ಲಿಸಲಿಲ್ಲ (ಪಾಚಿ ಕಂಡೊಡನೆ ಹಲವರು ಮಾಡುವ ತಪ್ಪೇ ಅದು): ವಾರಕ್ಕೆ 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಸುಮಾರು 10 ಪಿಪಿಎಂ ನೈಟ್ರೇಟ್. ವಾರಕ್ಕೊಮ್ಮೆ ಅರ್ಧ ನೀರು ಬದಲು. ಹೊಸ ಎಲೆಗಳು ಶುಭ್ರ. ಪಾಚಿ ಹಿಡಿದ ಹಳೆಯವನ್ನು ಕತ್ತರಿಸಿದೆ.