ದೊಡ್ಡಪ್ಪನ ಪ್ರಶ್ನೆಗೆ ಉತ್ತರ: ಪ್ರತಿವರ್ಷ ಅದೇ ಆನೆ, ಅದೇ ಅಂಬಾರಿಯೇ?

ದೊಡ್ಡಪ್ಪ, ನಮಸ್ಕಾರ. ನಮ್ಮ ಕುಟುಂಬದ ಗುಂಪಿನಲ್ಲಿರುವ ಹಿರಿಯರೆಲ್ಲರಿಗೂ ನಮಸ್ಕಾರ. ಮೊನ್ನೆ ನೀವು ಪತ್ರಿಕೆಯ ಮುಖಪುಟದಲ್ಲಿ ಬಂದ, ನಾನು ತೆಗೆದ ಜಂಬೂಸವಾರಿಯ ಚಿತ್ರವನ್ನು ಇಲ್ಲಿ ಹಾಕಿ, ಚಿತ್ರ ಚೆನ್ನಾಗಿದೆ, ಆದರೆ ಪ್ರತಿವರ್ಷ ಅದೇ ಆನೆ, ಅದೇ ಅಂಬಾರಿ, ಅದೇ ಅರಮನೆ, ಇಷ್ಟಕ್ಕಾಗಿ ಎರಡು ತಿಂಗಳು ಮನೆಮಠ ಬಿಟ್ಟು ಓಡಾಡಬೇಕೇ ಎಂದು ಕೇಳಿದ್ದಿರಿ. ಅದರ ಕೆಳಗೆ, ರಜೆ ಸಿಕ್ಕಾಗ ಸಕಲೇಶಪುರ, ಹಳೇಬೀಡು ಸುತ್ತಿದವನಿಗೆ ನಮ್ಮೂರು ಹೊಳೆನರಸೀಪುರದ ದಾರಿ ಮಾತ್ರ ಮರೆತುಹೋಯಿತೇ ಎಂದೂ ಬರೆದಿದ್ದಿರಿ. ಎರಡನೆಯ ಮಾತನ್ನು ಓದಿ ಅಮ್ಮ ನನಗೆ ಒಂದೇ ದಿನ ಎರಡು ಸಲ ಫೋನ್ ಮಾಡಿದರು. ಎರಡು ಪ್ರಶ್ನೆಗಳಿಗೂ ನನ್ನಲ್ಲಿ ಇರುವುದು ಒಂದೇ ಉತ್ತರ. ಬೆರಳಿನಲ್ಲಿ ಟೈಪ್ ಮಾಡಿದರೆ ಅದು ಅರ್ಧಂಬರ್ಧವಾಗುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದೇನೆ. ಸಂದೇಶ ಉದ್ದವಾಗುತ್ತದೆ, ದಯವಿಟ್ಟು ಬಿಡುವಾದಾಗ ಪೂರ್ತಿ ಕೇಳಿ.

ಈ ವರ್ಷ, ಅಂದರೆ 2025ರಲ್ಲಿ, ಮಳೆಗಾಲದ ಕೆಲಸ ಶುರುವಾದದ್ದೇ ಸಾವಿನ ಸುದ್ದಿಯಿಂದ. ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಪ್ರಾಶನದಿಂದ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರಿಂದ ಆದ ಅನಾಹುತ ಅದು. ನಾನು ಹೋದಾಗ ಸ್ಥಳದ ಹತ್ತಿರ ಸುಳಿಯುವ ಅವಕಾಶವಿರಲಿಲ್ಲ. ರಸ್ತೆಬದಿಯಲ್ಲಿ ನಿಂತ ಜೀಪುಗಳು, ಕಾಡಂಚಿನಲ್ಲಿ ಮೇಯುತ್ತಿದ್ದ ದನಗಳು, ಯಾರೊಡನೆಯೂ ಮಾತಾಡದೆ ಕುಳಿತಿದ್ದ ಊರಿನವರು, ಇವಿಷ್ಟೇ ನನ್ನ ಕ್ಯಾಮೆರಾಕ್ಕೆ ಸಿಕ್ಕವು. ನಾಲ್ಕು ದಿನ ಕಳೆಯುವಷ್ಟರಲ್ಲಿ, ಜೂನ್ 30ರಂದು, ಕನ್ನಂಬಾಡಿ ಕಟ್ಟೆಯ ಮೇಲೆ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದನ್ನು ತೆಗೆಯುತ್ತಿದ್ದೆ. ಕಟ್ಟೆ ಕಟ್ಟಿದಂದಿನಿಂದ ಜೂನ್ ತಿಂಗಳಿನಲ್ಲೇ 124.80 ಅಡಿ ತುಂಬಿದ್ದು ಇದೇ ಮೊದಲು. ಒಂದೇ ವಾರದಲ್ಲಿ ಒಂದೇ ಮೆಮೊರಿ ಕಾರ್ಡಿನಲ್ಲಿ ಆ ಮೌನವೂ ಈ ಸಂಭ್ರಮವೂ ಅಕ್ಕಪಕ್ಕ ಕುಳಿತಿದ್ದವು.

ಆಗಸ್ಟ್ ಮೊದಲ ವಾರ ವೀರನಹೊಸಹಳ್ಳಿಯಲ್ಲಿ, ದಸರಾ ಆನೆಗಳು ಕಾಡಿನಿಂದ ಮೈಸೂರಿಗೆ ಹೊರಡುವ ಗಜಪಯಣಕ್ಕೆ ಚಾಲನೆ ದೊರೆತ ಮೇಲೆ ನನ್ನ ದಿನಚರಿಯೆಲ್ಲ ಆನೆಗಳ ದಿನಚರಿಯೇ. ದೊಡ್ಡಪ್ಪ, ನೀವೆಲ್ಲ ಪತ್ರಿಕೆಯಲ್ಲಿ ನೋಡುವುದು ಕೊನೆಯ ದಿನದ ಒಂದು ಚಿತ್ರವನ್ನು. ಅದಕ್ಕೆ ಮೊದಲು ಮಾವುತರು, ಅವರ ಸಹಾಯಕರಾದ ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಅರಮನೆಯ ಆವರಣದ ತಾತ್ಕಾಲಿಕ ಶೆಡ್ಡುಗಳಲ್ಲಿ ಎರಡು ತಿಂಗಳು ಸಂಸಾರ ಹೂಡುತ್ತಾರೆ. ಆ ಮಕ್ಕಳ ಓದು ನಿಲ್ಲಬಾರದೆಂದು ಅಲ್ಲಿಯೇ ಟೆಂಟ್ ಶಾಲೆ ನಡೆಯುತ್ತದೆ. ಬೆಳಗಿನ ಜಾವ ಬೇಯಿಸಿದ ಕಾಳು, ಅಕ್ಕಿಯ ಮುದ್ದೆಗಳಿಗೆ ಬೆಣ್ಣೆ ಹಚ್ಚಿ ಆನೆಯ ಬಾಯಿಗೆ ಇಡುತ್ತಾರೆ. ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಕುಸುರೆ ಕಟ್ಟುತ್ತಾರೆ. ಒಬ್ಬ ಕಾವಾಡಿ ಹುಲ್ಲನ್ನು ಬಟ್ಟಲಿನಂತೆ ಬಾಗಿಸಿ, ಅಂಗೈಯಿಂದ ಭತ್ತವನ್ನು ಒಳಕ್ಕೆ ತಳ್ಳಿ, ಹುಲ್ಲಿನ ಎಳೆಯಿಂದಲೇ ಗಂಟು ಬಿಗಿಯುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ಕೈಗಳನ್ನು ತೆಗೆಯಲು ನಾನು ಮೂರು ಬೆಳಗು ಅಲ್ಲಿ ನೆಲದ ಮೇಲೆ ಕುಳಿತಿದ್ದೇನೆ. ಕುಶಾಲತೋಪು, ಅಂದರೆ ಗೌರವಾರ್ಥ ಫಿರಂಗಿ ಸಿಡಿಸುವ ತಾಲೀಮಿನ ದಿನ ಹೊಸ ಆನೆಗಳು ಸದ್ದಿಗೆ ಬೆದರಿ ಸರಪಳಿ ಜಗ್ಗುತ್ತವೆ. ಅನುಭವಿ ಆನೆಗಳು ಕಿವಿಯನ್ನು ಒಂದು ಸಲ ಬೀಸಿ ಸುಮ್ಮನೆ ನಿಲ್ಲುತ್ತವೆ. ಆಮೇಲೆ ಮರಳಿನ ಮೂಟೆಯ ತಾಲೀಮು, ಮರದ ಅಂಬಾರಿಯ ತಾಲೀಮು. ಹೀಗೆ ಭಾರವನ್ನು ದಿನದಿಂದ ದಿನಕ್ಕೆ ಏರಿಸುತ್ತ ಹೋಗಿ, ಕೊನೆಗೆ ಒಂದು ದಿನ ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿಯನ್ನು ಆ ಬೆನ್ನಿನ ಮೇಲೆ ಕಟ್ಟುತ್ತಾರೆ.

ಸೆಪ್ಟೆಂಬರ್ 22ರಂದು ನಮ್ಮ ಹಾಸನದವರೇ ಆದ ಲೇಖಕಿ ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದಾಗಲೂ ನಾನು ಅಲ್ಲಿದ್ದೆ. ನಮ್ಮ ಜಿಲ್ಲೆಯವರೆಂಬ ಹೆಮ್ಮೆಯಿಂದ ಎರಡು ಚಿತ್ರ ಹೆಚ್ಚಾಗಿಯೇ ತೆಗೆದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ್ದು 2012ರಲ್ಲಿ. ಅರ್ಜುನ ಎಂಬ ಆನೆ ಅಂಬಾರಿ ಹೊರಲು ಆರಂಭಿಸಿದ್ದೂ ಆ ವರ್ಷವೇ. 2019ರವರೆಗೆ ಸತತ ಎಂಟು ವರ್ಷ ಅವನೇ ಹೊತ್ತ. ಅರವತ್ತು ದಾಟಿದ ಆನೆಯ ಮೇಲೆ ಅಷ್ಟು ಭಾರ ಹೇರಬಾರದೆಂದು 2020ರಿಂದ ಆ ಹೊಣೆ ಅಭಿಮನ್ಯು ಎಂಬ ಆನೆಯ ಪಾಲಿಗೆ ಬಂತು. ಈ ಹದಿನಾಲ್ಕು ವರ್ಷವೂ ನಾನು ನಿಂತದ್ದು ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಎಂದರೆ ಅರಮನೆಯ ಎದುರು ಛಾಯಾಗ್ರಾಹಕರಿಗೆಂದು ಗುರುತು ಮಾಡಿದ ಕಡೆ. ಆದರೆ 2020, 2021ರ ಚಿತ್ರಗಳನ್ನು ಉಳಿದವುಗಳ ಪಕ್ಕದಲ್ಲಿಟ್ಟು ನೋಡಿ. ಕೊರೊನಾದಿಂದಾಗಿ ಆ ಎರಡು ವರ್ಷ ಮೆರವಣಿಗೆ ಅರಮನೆಯ ಆವರಣ ಬಿಟ್ಟು ಹೊರಗೆ ಹೋಗಲೇ ಇಲ್ಲ. ಉಳಿದ ವರ್ಷಗಳಲ್ಲಿ ಬಲರಾಮ ದ್ವಾರದಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೊಮೀಟರ್ ಉದ್ದಕ್ಕೂ ಮರದ ಕೊಂಬೆ, ಮನೆಯ ತಾರಸಿಯ ಮೇಲೆಲ್ಲ ಜನ. ಆ ಎರಡು ವರ್ಷ ಅದೇ ಆನೆಯ ಹಿಂದೆ ಬರಿಯ ಬಯಲು, ಮಾಸ್ಕ್ ಧರಿಸಿದ ಕೆಲವೇ ಮುಖಗಳು. ತೆಗೆಯುವಾಗ ಅದು ನನಗೆ ಕಳಾಹೀನವಾದ ಚಿತ್ರವೆನಿಸಿತ್ತು. ಇಂದು ನನ್ನ ಬಳಿ ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಅದೇ ಚಿತ್ರ ಎಂಬ ಮಾತು ನನಗೆ ನಾಟಿದ್ದಕ್ಕೆ ಇನ್ನೊಂದು ಕಾರಣವಿದೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ನಡೆದಿದ್ದಾಗ ಕಾಡಾನೆಯ ದಾಳಿಗೆ ಸಿಕ್ಕಿ ಅರ್ಜುನ ತೀರಿಕೊಂಡ. ಅಂದು ಪತ್ರಿಕೆಯ ಡೆಸ್ಕ್‌ನಿಂದ ಕರೆ ಬಂತು, ಅರ್ಜುನನ ಒಳ್ಳೆಯ ಚಿತ್ರಗಳನ್ನು ತಕ್ಷಣ ಕಳುಹಿಸು ಎಂದರು. ಹಾರ್ಡ್ ಡಿಸ್ಕ್ ತೆರೆದು ಕುಳಿತೆ. ಎಂಟು ವರ್ಷಗಳ ಸಾವಿರಾರು ಚಿತ್ರಗಳಿದ್ದವು. ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತ ಹೋದಂತೆ ಎದೆ ಭಾರವಾಯಿತು. ನಮ್ಮ ಅರಮನೆ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಇಳಿಹೊತ್ತಿನಲ್ಲಿ ಸೂರ್ಯ ಅದರ ಹಿಂದಕ್ಕೆ ಸರಿಯುತ್ತಾನೆ, ಬೆಳಕು ನಮ್ಮ ಎದುರಿನಿಂದ ಬರುತ್ತದೆ. ಅಂಬಾರಿ ಮಾತ್ರ ಆಕಾಶದ ಬೆಳಕನ್ನೆಲ್ಲ ಹಿಡಿದು ಹೊಳೆಯುತ್ತದೆ. ಅದರ ಹೊಳಪಿಗೆ ಕ್ಯಾಮೆರಾ ಹೊಂದಿಸಿದರೆ ಕೆಳಗಿರುವ ಆನೆಯ ಮುಖ ಕಪ್ಪಾಗುತ್ತದೆ. ಪ್ರತಿವರ್ಷವೂ ನಾನು ಅಂಬಾರಿಗೇ ಹೊಂದಿಸಿದ್ದೆ, ಏಕೆಂದರೆ ಮುಖಪುಟಕ್ಕೆ ಬೇಕಾದದ್ದು ಅದೇ. ಎಂಟು ವರ್ಷದ ಅಷ್ಟೂ ಚಿತ್ರಗಳಲ್ಲಿ ಅರ್ಜುನನ ಕಣ್ಣು ಸ್ಪಷ್ಟವಾಗಿ ಕಾಣುವ ಒಂದೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ತಾಲೀಮು ಮುಗಿದ ಮೇಲೆ ಸ್ನಾನದ ಹೊತ್ತಿನಲ್ಲಿ ಯಾವ ಉದ್ದೇಶವೂ ಇಲ್ಲದೆ ತೆಗೆದ ಒಂದು ಚಿತ್ರ. ನೀರು ಸೋರುತ್ತಿರುವ ಕಿವಿಯ ಅಂಚನ್ನು ಒಂದು ಕೈ ಹಿಡಿದಿದೆ. ಕಣ್ಣು ಅರ್ಧ ಮುಚ್ಚಿದೆ. ರೆಪ್ಪೆಯ ಕೂದಲುಗಳನ್ನು ಎಣಿಸಬಹುದು. ಅದನ್ನೇ ಕಳುಹಿಸಿದೆ.

ಆದ್ದರಿಂದ ದೊಡ್ಡಪ್ಪ, ಈ ವರ್ಷ ಅಕ್ಟೋಬರ್ 2ರಂದು ನಾನು ಅದೇ ಜಾಗದಲ್ಲಿ ನಿಂತಿದ್ದರೂ ತೆಗೆದದ್ದು ಅದೇ ಚಿತ್ರವನ್ನಲ್ಲ. ಪತ್ರಿಕೆಗೆ ಬೇಕಾದ ಅಂಬಾರಿಯನ್ನು ಮೊದಲ ಕೆಲವೇ ಕ್ಷಣಗಳಲ್ಲಿ ಮುಗಿಸಿ, ಮುಂದಿನ ಅಷ್ಟೂ ಹೊತ್ತು ಕ್ಯಾಮೆರಾವನ್ನು ಅಭಿಮನ್ಯುವಿನ ಕಣ್ಣಿಗೆ ಹೊಂದಿಸಿದೆ. ಹಾಗೆ ಮಾಡಿದಾಗ ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಅಂಬಾರಿಯ ಕುಸುರಿ ಅಳಿಸುತ್ತದೆ. ಅಳಿಸಲಿ. ಮುಖದ ಬಣ್ಣದ ಚಿತ್ತಾರದ ನಡುವೆ ಆ ಸಣ್ಣ ಕಣ್ಣು, ಎಡಬಲಗಳಲ್ಲಿ ಜೊತೆಗೆ ನಡೆಯುವ ಕುಮ್ಕಿ ಆನೆಗಳಾದ ಕಾವೇರಿ, ರೂಪಾ, ಕತ್ತಿನ ಮೇಲೆ ಮಾವುತನ ಕಾಲ್ಬೆರಳು ಒತ್ತಿದ ಗುರುತು, ಇವೆಲ್ಲ ಈ ಸಲ ದಾಖಲಾಗಿವೆ. ಇದು ಮುಖಪುಟದಲ್ಲಿ ಬರಲಿಲ್ಲ, ಬರಲೆಂದು ನಾನು ಕಳುಹಿಸಲೂ ಇಲ್ಲ. ಪ್ರಿಂಟ್ ಹಾಕಿಸಿ, ಆನೆಗಳು ಕಾಡಿಗೆ ಹೊರಡುವ ಮೊದಲು ಶೆಡ್ಡುಗಳಿಗೆ ಹೋಗಿ ಕೊಟ್ಟುಬಂದೆ. ಟೆಂಟ್ ಶಾಲೆಯ ಮಕ್ಕಳಿಗೂ ಅವರವರ ಚಿತ್ರ ಕೊಟ್ಟೆ. ಒಬ್ಬ ಹುಡುಗಿ ತನ್ನ ಚಿತ್ರವನ್ನು ನೋಡಿದ್ದೇ ತಡ, ಪಾಠಪುಸ್ತಕದೊಳಗೆ ಇಟ್ಟು ಪುಸ್ತಕವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರಂಥ ಹಿರಿಯ ಛಾಯಾಗ್ರಾಹಕರು ಸಾಮಾನ್ಯ ಜನರ ಮುಖಗಳಲ್ಲಿ ಕಂಡದ್ದು ಏನೆಂಬುದು ಅಂಥ ಹೊತ್ತಿನಲ್ಲಿ ನನಗೆ ಸ್ವಲ್ಪ ಅರ್ಥವಾಗುತ್ತದೆ.

ಇನ್ನು ರಜೆಯ ಮಾತು. ಹಬ್ಬ ಮುಗಿದ ಮೇಲೆ ಐದು ದಿನ ರಜೆ ಸಿಕ್ಕಿತು. ಅರ್ಜುನ ಹೋಗಿ ಎರಡು ವರ್ಷವಾಗುತ್ತ ಬಂದಿದ್ದರೂ ಅವನನ್ನು ಮಣ್ಣು ಮಾಡಿದ ಜಾಗಕ್ಕೆ ನಾನು ಹೋಗಿರಲಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಾದ್ದರಿಂದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಸಕಲೇಶಪುರ ತಲುಪಿ, ಮರುದಿನ ಯಸಳೂರಿನ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕಾಫಿ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಪರಿಚಯವಾದರು. ನಾನು ಬಂದ ಕಾರಣ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮೊಬೈಲ್ ತೆಗೆದು ಆನೆ ಕಾರ್ಯಪಡೆಯಿಂದ ಬೆಳಗ್ಗೆ ಬಂದಿದ್ದ ಸಂದೇಶ ತೋರಿಸಿದರು. ಯಾವ ತೋಟದ ಹತ್ತಿರ ಎಷ್ಟು ಆನೆಗಳಿವೆ, ಎಚ್ಚರವಾಗಿರಿ ಎಂದು ಅದರಲ್ಲಿತ್ತು. "ಅರ್ಜುನ ಸತ್ತಾಗ ನಾವೂ ಅತ್ತೆವು ಅಣ್ಣ. ಆದರೆ ಈ ಸಂದೇಶ ನೋಡದೆ ನಾವು ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡೇ ಕಾಫಿ ಕೊಯ್ಯಬೇಕು" ಎಂದರು. ಅರ್ಜುನ ಅಲ್ಲಿಗೆ ಹೋದದ್ದು ಇವರ ಜೀವ ಉಳಿಸುವ ಕೆಲಸಕ್ಕೆ ಎಂಬುದನ್ನು ಮೈಸೂರಿನಲ್ಲಿ ಕುಳಿತು ಸುದ್ದಿ ಮಾಡಿದ ನಾವು ಎಷ್ಟು ಜನ ನೆನೆದೆವು? ನಾನಂತೂ ನೆನೆದಿರಲಿಲ್ಲ. ದಬ್ಬಳ್ಳಿಕಟ್ಟೆಯಲ್ಲಿರುವ ಅರ್ಜುನನ ಸಮಾಧಿಯ ಮುಂದೆ ಕೈಮುಗಿದು ನಿಂತೆ. ಕ್ಯಾಮೆರಾ ಹೆಗಲಿನಲ್ಲೇ ಇತ್ತು. ಚೀಲದ ಜಿಪ್ ತೆರೆಯಲು ಮನಸ್ಸು ಬರಲಿಲ್ಲ. ಆ ಪ್ರವಾಸದ ಒಂದೂ ಚಿತ್ರವನ್ನು ಗುಂಪಿಗೆ ಹಾಕಲಿಲ್ಲವೇಕೆಂದು ತಂಗಿಯೂ ಕೇಳಿದ್ದಳು. ಕಾರಣ ಇಷ್ಟೇ.

ಅಲ್ಲಿಂದ ನೇರವಾಗಿ ಊರಿಗೆ ಬರಬೇಕಿತ್ತು, ಒಪ್ಪುತ್ತೇನೆ. ಆದರೆ ಮನಸ್ಸು ತಿಳಿಯಾಗದೆ ಯಾರೊಡನೆಯೂ ಮಾತಾಡುವುದು ಬೇಡವೆನಿಸಿ ಹಳೇಬೀಡಿಗೆ ಹೋದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೊಯ್ಸಳೇಶ್ವರ ದೇವಾಲಯದ ಸುತ್ತ ಬರಿಗಾಲಿನಲ್ಲಿ ನಡೆಯತೊಡಗಿದೆ. ಶಾಲೆಯ ಪ್ರವಾಸದಲ್ಲಿ ನೀವೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, 1121ರಲ್ಲಿ ಕಟ್ಟಲು ಆರಂಭಿಸಿದ ಗುಡಿ, ಬಳಪದ ಕಲ್ಲು, ಹೊಸದರಲ್ಲಿ ಮೃದು, ಗಾಳಿ ತಾಗಿದಂತೆ ಗಟ್ಟಿ ಎಂದು ಪಾಠ ಹೇಳಿದ್ದಿರಿ. ಅಂದು ನಾನು ನೋಡಿದ್ದು ಮೇಲಿನ ದೊಡ್ಡ ವಿಗ್ರಹಗಳನ್ನು. ಈ ಸಲ ಬಗ್ಗಿ ಕೆಳಗಿನ ಪಟ್ಟಿಕೆಯನ್ನು ನೋಡಿದೆ. ಗೋಡೆಯ ತಳದಲ್ಲಿ, ಇಡೀ ಗುಡಿಯನ್ನೇ ಹೊತ್ತಂತೆ, ಸಾಲು ಸಾಲು ಆನೆಗಳು. ಗೋಡೆ ನಕ್ಷತ್ರದಂತೆ ಮಡಚಿ ಮಡಚಿ ಹೋಗುವುದರಿಂದ ಬೆಳಗಿನ ಬಿಸಿಲು ಎಲ್ಲದರ ಮೇಲೂ ಒಟ್ಟಿಗೆ ಬೀಳುವುದಿಲ್ಲ. ಒಂದು ಆನೆ ಬೆಳಕಿಗೆ ಬಂದರೆ ಪಕ್ಕದ್ದು ಇನ್ನೂ ನೆರಳಿನಲ್ಲಿರುತ್ತದೆ. ದೂರದಿಂದ ಎಲ್ಲವೂ ಒಂದೇ. ಹತ್ತಿರ ಕುಳಿತರೆ ಒಂದರ ಸೊಂಡಿಲು ಮಡಚಿದೆ, ಇನ್ನೊಂದರದು ನೆಲಕ್ಕೆ ಇಳಿದಿದೆ, ಮತ್ತೊಂದು ಹೆಜ್ಜೆ ಎತ್ತಿದೆ. ಎಪ್ಪತ್ತರವರೆಗೆ ಎಣಿಸಿ ಎಣಿಕೆ ಬಿಟ್ಟುಬಿಟ್ಟೆ. ಆ ಶಿಲ್ಪಿಯನ್ನು ಯಾರಾದರೂ, ಅದೇ ಆನೆಯನ್ನು ಎಷ್ಟು ಸಲ ಕೆತ್ತುತ್ತೀಯೆ ಎಂದು ಕೇಳಿರಬಹುದೇ ಎಂದು ಅನ್ನಿಸಿತು. ನೀವು ಅದೇ ಪ್ರಶ್ನೆಯನ್ನು ಗುಂಪಿನಲ್ಲಿ ಬರೆದದ್ದು ಅದಾದ ಮೇಲೆ. ಹಾಗಾಗಿ ಓದಿದಾಗ ನನಗೆ ಬೇಸರವಾಗಲಿಲ್ಲ, ಹೇಳಿಕೊಳ್ಳಲು ಒಂದು ದಾರಿ ಸಿಕ್ಕಿತು.

ಊರಿಗೆ ಬಾರದ ತಪ್ಪು ನನ್ನದೇ, ಕ್ಷಮಿಸಿ. ಉತ್ಥಾನ ದ್ವಾದಶಿಗೆ ಬರುತ್ತೇನೆ. 2012ರಿಂದ 2025ರವರೆಗಿನ ಹದಿನಾಲ್ಕು ಜಂಬೂಸವಾರಿಗಳ ಒಂದೊಂದು ಪ್ರಿಂಟ್ ತರುತ್ತೇನೆ, ಎಂಟು ಅರ್ಜುನನವು, ಆರು ಅಭಿಮನ್ಯುವಿನವು. ಜಗಲಿಯ ಮೇಲೆ ಸಾಲಾಗಿ ಹರಡುತ್ತೇನೆ, ನೀವು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಬೇಕು. ನನಗೂ ನಿಮ್ಮಿಂದ ಒಂದು ಆಗಬೇಕಾಗಿದೆ. ನನಗೆ ಏಳು ವರ್ಷವಿದ್ದಾಗ, 1993ರಲ್ಲಿ, ಸಯ್ಯಾಜಿರಾವ್ ರಸ್ತೆಯಲ್ಲಿ ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದ್ರೋಣ ಆನೆಯನ್ನು ತೋರಿಸಿದ್ದಿರಿ. ಆ ದಿನದ ಒಂದೂ ಫೋಟೊ ನಮ್ಮ ಮನೆಯಲ್ಲಿಲ್ಲ. ನನಗೆ ನೆನಪಿರುವುದು ನಿಮ್ಮ ತಲೆಯ ಎಣ್ಣೆಯ ವಾಸನೆ, ಜನರ ಕೂಗು ಮಾತ್ರ. ನಾವು ಎಲ್ಲಿ ನಿಂತಿದ್ದೆವು, ಯಾರು ಯಾರು ಜೊತೆಗಿದ್ದರು, ಆನೆ ಹೇಗೆ ನಡೆದು ಬಂತು ಎಂಬುದನ್ನು ನೀವು ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ. ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ, ತಿಂಡಿಯ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ದೊಡ್ಡಮ್ಮನಿಗೆ ತಿಳಿಸಿ.