ಕುಗ್ಗಿಸಿದ ಫೈಲ್‌ನಲ್ಲಿ ಎರರ್ ಬಂದರೆ ಮೂಲ ಸಾಲು ಹುಡುಕುವುದು ಹೇಗೆ?

ಪ್ರಶ್ನೆ (ಗೋಣಿಕೊಪ್ಪದಿಂದ): ನಮಸ್ಕಾರ ಸರ್. ಇಲ್ಲಿನ ಕೆಲವು ಹೋಂಸ್ಟೇಗಳಿಗೆ ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೇನೆ. ಬರೆದದ್ದು ಟೈಪ್‌ಸ್ಕ್ರಿಪ್ಟ್‌ನಲ್ಲಿ. ವೆಬ್‌ಪ್ಯಾಕ್ ಎಲ್ಲವನ್ನೂ ಕುಗ್ಗಿಸಿ ಒಂದೇ ಫೈಲ್ ಮಾಡುತ್ತದೆ. ತಾರೀಕು ಆರಿಸುವಾಗ ಕೆಲವರಿಗೆ ಎರರ್ ಬರುತ್ತಿದೆ. ಲಾಗ್‌ನಲ್ಲಿ ‘ಸಾಲು 1, ಕಾಲಂ 48213’ ಅಂತಷ್ಟೇ ಇದೆ. ಇದು ನನ್ನ ಯಾವ ಫೈಲ್? ಕುಗ್ಗಿಸಿದ ಕೋಡಿನ ಜಾಗಕ್ಕೆ ಮೂಲ ಸಾಲು ಯಾವುದು ಅಂತ ಹೇಳುವ ಸೋರ್ಸ್ ಮ್ಯಾಪ್ ಫೈಲ್ ಹಾಕಿದರೆ ಸೈಟ್ ನಿಧಾನ ಆಗುತ್ತಾ? ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಮೊದಲೇ ಕಷ್ಟ.

ಉತ್ತರ: ನಿಧಾನ ಆಗುವುದಿಲ್ಲ. ಡೆವಲಪರ್ ಟೂಲ್ಸ್ ತೆರೆದಾಗ ಮಾತ್ರ ಬ್ರೌಸರ್ ಮ್ಯಾಪ್ ಫೈಲ್ ತರಿಸಿಕೊಳ್ಳುತ್ತದೆ. ಆದರೆ ಅದರೊಳಗೆ ನಿಮ್ಮ ಮೂಲ ಕೋಡ್ ಪೂರ್ತಿ ಇರಬಹುದು. ಹಾಗಾಗಿ ಸರ್ವರ್‌ಗೆ ಹಾಕಬೇಡಿ. ವೆಬ್‌ಪ್ಯಾಕ್‌ನಲ್ಲಿ ‘ಹಿಡನ್-ಸೋರ್ಸ್-ಮ್ಯಾಪ್’ (ಮ್ಯಾಪ್ ತಯಾರಾಗುತ್ತದೆ, ಆದರೆ ಕೋಡ್‌ನಲ್ಲಿ ಅದರ ಕೊಂಡಿ ಇರುವುದಿಲ್ಲ) ಆರಿಸಿ, ಮ್ಯಾಪ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ವೆಬ್‌ಪ್ಯಾಕ್‌ಗಾಗಿ ಟೈಪ್‌ಸ್ಕ್ರಿಪ್ಟನ್ನು ಮೊದಲು ಜಾವಾಸ್ಕ್ರಿಪ್ಟ್ ಮಾಡಿಕೊಡುವ ಟಿಎಸ್-ಲೋಡರ್ ಬಳಸುತ್ತಿದ್ದರೆ ಟೈಪ್‌ಸ್ಕ್ರಿಪ್ಟ್ ಸೆಟ್ಟಿಂಗ್‌ನಲ್ಲೂ ಸೋರ್ಸ್ ಮ್ಯಾಪ್ ಆನ್ ಇರಲಿ. ಇಲ್ಲದಿದ್ದರೆ ಹುಡುಕಾಟ ಮಧ್ಯದ ಜಾವಾಸ್ಕ್ರಿಪ್ಟ್‌ಗೇ ನಿಂತುಬಿಡುತ್ತದೆ.

ಮ್ಯಾಪ್ ಅಂದರೆ ಒಂದು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸಿಡುವ ರೂಪ) ಫೈಲ್. ಅದರಲ್ಲಿ ಮೂಲ ಫೈಲ್‌ಗಳ ಪಟ್ಟಿ, ಜೊತೆಗೆ ‘ಮ್ಯಾಪಿಂಗ್ಸ್’ ಅನ್ನೋ ಉದ್ದನೆಯ ಅಕ್ಷರಮಾಲೆ ಇರುತ್ತದೆ. ತಯಾರಾದ ಕೋಡಿನ ಒಂದು ಸಾಲು ಮುಗಿದರೆ ಸೆಮಿಕೋಲನ್. ಸಾಲಿನೊಳಗಿನ ತುಣುಕುಗಳ ಮಧ್ಯೆ ಕಾಮಾ. ಒಂದು ತುಣುಕಿನಲ್ಲಿ ಸಾಮಾನ್ಯವಾಗಿ ಇರುವುದು ತಯಾರಾದ ಕೋಡಿನ ಕಾಲಂ, ಮೂಲ ಫೈಲ್ ಯಾವುದು, ಅದರ ಸಾಲು, ಅದರ ಕಾಲಂ. ಕೆಲವೊಮ್ಮೆ ಮೂಲ ಹೆಸರೂ ಸೇರುತ್ತದೆ. ಪ್ರತಿ ಸಂಖ್ಯೆಯನ್ನೂ ಹಿಂದಿನದಕ್ಕಿಂತ ಎಷ್ಟು ವ್ಯತ್ಯಾಸ ಅಂತ ಬರೆಯುವುದರಿಂದ ಫೈಲ್ ಚಿಕ್ಕದಾಗುತ್ತದೆ. ಇದು ವೆಬ್‌ಪ್ಯಾಕ್‌ಗೆ ಮಾತ್ರ ಸೇರಿದ್ದಲ್ಲ. 2024ರಲ್ಲಿ ಎಕ್ಮಾ-426 ಅನ್ನೋ ಮಾನದಂಡವೂ ಆಯಿತು.

ಕೈಯಲ್ಲಿ ಬಿಡಿಸಬೇಕಿಲ್ಲ. ಮೊಜಿಲ್ಲಾದ ‘ಸೋರ್ಸ್-ಮ್ಯಾಪ್’ ಲೈಬ್ರರಿಗೆ ಸಾಲು, ಕಾಲಂ ಕೊಟ್ಟರೆ ಮೂಲ ಜಾಗ ಹೇಳುತ್ತದೆ. ಒಂದು ಎಚ್ಚರ: ಕ್ರೋಮ್ ಎರರ್‌ನಲ್ಲಿ ಕಾಲಂ 1ರಿಂದ ಶುರು, ಲೈಬ್ರರಿಯಲ್ಲಿ 0ಯಿಂದ. ಹಾಗಾಗಿ 48212 ಕೊಡಿ. ಕುಗ್ಗಿಸಿದ ಕೋಡ್‌ನಲ್ಲಿ ಒಂದು ಅಕ್ಷರ ಆಚೀಚೆಯಾದರೂ ಬೇರೆ ಫಂಕ್ಷನ್‌ಗೆ ಹೋಗಬಹುದು.

ಪ್ರಶ್ನೆ (ಸೋಮವಾರಪೇಟೆಯಿಂದ): ಸರ್, ಇವತ್ತು ಹೊಸದಾಗಿ ಬಿಲ್ಡ್ ಮಾಡಿದ ಮ್ಯಾಪ್ ಹಳೆಯ ಎರರ್‌ಗೆ ನಡೆಯುತ್ತಾ?

ಉತ್ತರ: ಕೋಡ್ ಬದಲಾಗಿದ್ದರೆ ನಡೆಯುವುದಿಲ್ಲ. ಆದರೂ ಮ್ಯಾಪ್ ಏನೋ ಒಂದು ಸಾಲು ತೋರಿಸುತ್ತದೆ, ತಪ್ಪು ಅಂತ ಹೇಳುವುದೇ ಇಲ್ಲ. ಇದರ ಬಗ್ಗೆ ತುಂಬಾ ಜಾಗ್ರತೆ ಬೇಕು. ಗೋಣಿಕೊಪ್ಪದವರೂ ಹೀಗೆ ಮಾಡಿ: ಸೈಟ್‌ಗೆ ಹಾಕಿದ ಅದೇ ಗಿಟ್ ಕಮಿಟ್‌ಗೆ (ಆಗ ಉಳಿಸಿಟ್ಟ ಕೋಡಿನ ಆವೃತ್ತಿಗೆ) ಹೋಗಿ. ‘ಎನ್‌ಪಿಎಂ ಸಿಐ’ ಆಜ್ಞೆ ಕೊಟ್ಟು, ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿಟ್ಟ ಲಾಕ್ ಫೈಲ್‌ನಲ್ಲಿರುವ ಪ್ಯಾಕೇಜ್‌ಗಳನ್ನೇ ಹಾಕಿ, ಬಿಲ್ಡ್ ಮಾಡಿ. ಬಂದ ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿರುವುದರ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಆ ಮ್ಯಾಪ್ ನಂಬಬಹುದು. ಮುಂದಿನ ಸಲದಿಂದ ಪ್ರತಿ ಬಿಲ್ಡ್‌ನ ಮ್ಯಾಪನ್ನೂ ಕಮಿಟ್ ನಂಬರ್ ಹಾಕಿ ಎತ್ತಿಡಿ.