ಪದಚರ್ಚೆ: ‘ಚದರ ಸೆಕೆಂಡ್’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಮಕ್ಕಳು ಚಕ್ರ ಹಾಕಿದ ಹಲಗೆಯನ್ನು ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ತೋರಿಸುತ್ತಾರೆ. ಈಗ ಬರೆದಿರುವುದು ಇಷ್ಟು:

ಬಲ = ತೂಕ × ವೇಗೋತ್ಕರ್ಷ
ವೇಗೋತ್ಕರ್ಷದ ಮಾನ: ಮೀಟರ್ ಪ್ರತಿ ಚದರ ಸೆಕೆಂಡ್

ಎರಡನೇ ಸಾಲು ಓದಿದರೆ ಸೈಟಿನ ಅಳತೆ ಹೇಳಿದ ಹಾಗಿದೆ. ಏನು ಬರೆಯಲಿ?

— ಉತ್ತರ —
ಚದರ ಬೇಡವೇ ಬೇಡ, ಅದು ಜಾಗಕ್ಕೆ. ‘ವರ್ಗ ಸೆಕೆಂಡ್’ ಅಂದರೂ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ವೇಗೋತ್ಕರ್ಷ ಅಂದರೆ ವೇಗ ಬದಲಾಗುವ ದರ. ಹಾಗಾಗಿ ಇಲ್ಲಿ ಸೆಕೆಂಡು ಎರಡು ಸಲ ಬರುವುದು ಎರಡು ಬೇರೆ ಕೆಲಸಕ್ಕೆ. ಒಂದು ವೇಗ ಅಳೆಯಲು, ಇನ್ನೊಂದು ಆ ವೇಗ ಎಷ್ಟು ಹೊತ್ತಿನಲ್ಲಿ ಬದಲಾಯಿತು ಅನ್ನಲು. ಮೇಲಿನಿಂದ ಕೈಬಿಟ್ಟ ಕಲ್ಲನ್ನೇ ನೋಡಿ. 1 ಸೆಕೆಂಡಿನ ಕೊನೆಗೆ ಅದರ ವೇಗ ಸೆಕೆಂಡಿಗೆ 9.8 ಮೀಟರ್, 2ರ ಕೊನೆಗೆ 19.6, 3ರ ಕೊನೆಗೆ 29.4 (ಗಾಳಿಯ ತಡೆ ಬಿಟ್ಟು). ‘ಸೆಕೆಂಡಿಗೆ ಸೆಕೆಂಡಿಗೆ’ ಅಂತ ಸುಮ್ನೆ ಜೋಡಿಸಿದರೆ ದ್ವಿರುಕ್ತಿಯಾಗಿ ಕೇಳುತ್ತದೆ. ‘ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರಿನಷ್ಟು ಜಾಸ್ತಿಯಾಗುತ್ತದೆ’ ಅನ್ನಿ. ಮಾನಕ್ಕೆ ‘ಮೀ/ಸೆ²’ ಸಾಕು.

ಮೊದಲ ಸಾಲಿನ ‘ತೂಕ’ವನ್ನೂ ತೆಗೆಯಿರಿ, ಅದು ಇನ್ನೂ ದೊಡ್ಡ ತಪ್ಪು. ತೂಕವೇ ಒಂದು ಬಲ. 1 ಕೆಜಿ ಸಕ್ಕರೆಯ ತೂಕ ಇಲ್ಲಿ 9.8 ನ್ಯೂಟನ್ (ಬಲದ ಮಾನ), ಚಂದ್ರನ ಮೇಲೆ ಸುಮಾರು 1.6. ಸಕ್ಕರೆ ಮಾತ್ರ ಅಷ್ಟೇ. ಆ ‘ಅಷ್ಟೇ’ಗೆ ದ್ರವ್ಯರಾಶಿ ಅನ್ನಬೇಕು. ಅಂಗಡಿಯವರು ಏನಾದರೂ ಅನ್ನಲಿ.

— ಉತ್ತರ —
ಮಾನ ಬಿಡಿ, ‘ವೇಗೋತ್ಕರ್ಷ’ ಅನ್ನುವುದೇ ಮಕ್ಕಳ ನಾಲಿಗೆಗೆ ಶಿಕ್ಷೆ. ಉತ್ಕರ್ಷ ಅಂದರೆ ಏಳಿಗೆ. ಬಸ್ಸು ಬ್ರೇಕ್ ಹಾಕಿದರೆ ‘ಋಣ ವೇಗೋತ್ಕರ್ಷ’ವಂತೆ! ಏಳಿಗೆ ಸಾಲಕ್ಕೆ ಬಿತ್ತಾ? ತಮಿಳರು ‘ಮುಡುಕ್ಕಂ’ ಅಂತ ತಮ್ಮದೇ ಪದ ಕಟ್ಟಿಕೊಂಡರು. ನಾವು ‘ವೇಗದೇರಿಕೆ’ ಅಂದರೆ ಆಕಾಶ ಬೀಳುತ್ತದೆಯೇ?

— ಉತ್ತರ —
‘ವೇಗದೇರಿಕೆ’ ಅಂದರೂ ಬ್ರೇಕ್ ಹಾಕಿದಾಗ ಏರಿಕೆ ಎಲ್ಲಿದೆ? ಅದೇ ತೊಂದರೆ, ಬೇರೆ ಅಂಗಿ. ಸಾಲದ್ದಕ್ಕೆ ಸಂಸ್ಕೃತ, ಕನ್ನಡ ಪದ ಬೆರೆಸಿದ ಅರಿಸಮಾಸ. ಹಿಂದಿ, ತೆಲುಗು, ಮಲಯಾಳಂ ಮೂರರಲ್ಲೂ ‘ತ್ವರಣ’ ಇದೆ. ಅದನ್ನೇ ತೆಗೆದುಕೊಳ್ಳಿ.

— ಉತ್ತರ —
ಅರಿಸಮಾಸವಂತೆ. ‘ವೇಗದ’ ಅಂತ ಷಷ್ಠಿ ಕಾಣುತ್ತಲೇ ಇದೆ, ಸಮಾಸ ಎಲ್ಲಿ ಬಂತು? ಮಳೆಗಾಲ, ದಿನಗೂಲಿ ಅನ್ನುವಾಗ ಇಲ್ಲದ ಮಡಿ ಭೌತಶಾಸ್ತ್ರಕ್ಕೆ ಮಾತ್ರ ಯಾಕೆ?

— ಉತ್ತರ —
ದಯವಿಟ್ಟು ಜಗಳ ಆಮೇಲೆ ಆಡಿ. ಮಕ್ಕಳ ಪಠ್ಯಪುಸ್ತಕದಲ್ಲಿ ‘ವೇಗೋತ್ಕರ್ಷ’ ಇದೆ, ನಾನು ಅದನ್ನು ಬದಲಿಸುವ ಹಾಗಿಲ್ಲ. ‘6 ನ್ಯೂಟನ್‌ಗಳು’ ಅನ್ನಬೇಕೋ ‘6 ನ್ಯೂಟನ್’ ಸಾಕೋ, ಅದೊಂದು ಹೇಳಿ.

— ಉತ್ತರ —
ಹತ್ತು ಕೆಜಿ ಅಕ್ಕಿ ಅನ್ನುತ್ತೀರಲ್ವಾ? ‘ಗಳು’ ಬೇಡ. ಹೀಗೆ ಹಾಕಿ:

ಬಲ = ದ್ರವ್ಯರಾಶಿ × ವೇಗೋತ್ಕರ್ಷ
2 ಕೆಜಿ × 3 ಮೀ/ಸೆ² = 6 ನ್ಯೂಟನ್
1 ನ್ಯೂಟನ್: 1 ಕೆಜಿ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಮೀಟರಿನಷ್ಟು ಬದಲಿಸುವ ಬಲ.

‘ಹೆಚ್ಚಿಸುವ’ ಅನ್ನದೆ ‘ಬದಲಿಸುವ’ ಅಂದಿದ್ದೇನೆ, ಬ್ರೇಕಿಗೂ ಹೊಂದುತ್ತದೆ. ತಕ್ಕಡಿಯ ಮೇಲೆ ಗ್ರಾಂ ಗುರುತು ಮಾತ್ರ ಇದ್ದರೆ 100 ಗ್ರಾಮಿಗೆ ಸುಮಾರು 1 ನ್ಯೂಟನ್ ಅಂತ ಚೀಟಿ ಅಂಟಿಸಿ. ಚಕ್ರಕ್ಕೆ ಎಣ್ಣೆ ಬಿಡಿ. ತಿಕ್ಕಾಟ ಜಾಸ್ತಿಯಾದರೆ ಲೆಕ್ಕ ಕೂಡುವುದಿಲ್ಲ.

— ಉತ್ತರ —
ಧನ್ಯವಾದ. ಹೀಗೇ ಕಳುಹಿಸುತ್ತೇನೆ.

— ಉತ್ತರ —
‘ದ್ರವ್ಯರಾಶಿ’ಯನ್ನು ಯಾರೂ ಪ್ರಶ್ನಿಸಲಿಲ್ಲ ನೋಡಿ. ರಾಶಿ ಅಂದರೆ ಕಣದಲ್ಲಿ ಹಾಕುವುದು. ಅದಕ್ಕೊಂದು ಬೇರೆ ಎಳೆ ತೆರೆಯುತ್ತಿದ್ದೇನೆ.